ವೆಬ್‌ಸೈಟಿನ ಕನ್ನಡ ತಲೆಬರಹ: ಯಕ್ಷಗಾನದ ಹ್ಯಾಂಡ್‌ಬಿಲ್ಲಿನಿಂದ ಗೂಗಲ್‌ವರೆಗೆ

‘ಪ್ರಕೃತಿಯ ಮಡಿಲಿಗೆ ಸುಸ್ವಾಗತ.’ ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಹೋಮ್‌ಸ್ಟೇಗಳ ವೆಬ್‌ಸೈಟಿನಲ್ಲಿ ಈ ಬಗೆಯ ಸಾಲು ನಾನು ಎಷ್ಟು ಸಲ ಕಂಡಿದ್ದೇನೋ ಲೆಕ್ಕವಿಲ್ಲ. ಓದಿದವರಿಗೆ ಯಾವ ಊರು ಎಂದು ಗೊತ್ತಾಗುವುದಿಲ್ಲ. ಮನೆ ತೋಟದ ನಡುವೆ ಇದೆಯೋ ಹೊಳೆ ದಂಡೆಗೋ, ಅದೂ ಇಲ್ಲ. ಕೊಡಗಿನವರು ಇದನ್ನೇ ಎತ್ತಿ ಹಾಕಿಕೊಂಡರೂ ಒಂದಕ್ಷರ ಬದಲಿಸಬೇಕಿಲ್ಲ.

ನಮ್ಮ ಸೀಮೆಯ ಹಳೆಯ ರೂಢಿ ಹೀಗಿರಲಿಲ್ಲ. ಯಕ್ಷಗಾನದ ಹ್ಯಾಂಡ್‌ಬಿಲ್ ನೆನಪಿಸಿಕೊಳ್ಳಿ. ತೆಳು ಬಣ್ಣದ ಕಾಗದ, ದಪ್ಪಕ್ಷರದಲ್ಲಿ ಮೇಳದ ಹೆಸರು, ಅದರ ಕೆಳಗೆ ಪ್ರಸಂಗ, ಆಟ ಆಗುವ ಜಾಗ, ದಿನ, ಹೊತ್ತು. ಆಮೇಲೆ ಭಾಗವತರಿಂದ ಹಿಡಿದು ಹಾಸ್ಯಗಾರರವರೆಗೆ ಹೆಸರುಗಳು. 1934ರಲ್ಲಿ ಹೊನ್ನಾವರದ ಕೆರೆಮನೆಯಲ್ಲಿ ಹುಟ್ಟಿದ ಇಡಗುಂಜಿ ಮೇಳದಂಥದ್ದಕ್ಕೆ ಬೇರೆ ವಿಶೇಷಣ ಯಾಕೆ ಬೇಕು? ಕುಮಟಾ ಪೇಟೆಯಲ್ಲಿ ಕೈಗೆ ಬಂದ ಚೀಟಿಯನ್ನು ಮಡಚಿ ಕಿಸೆಗೆ ಹಾಕುವಷ್ಟರಲ್ಲಿ ಹೋಗುವುದೋ ಬಿಡುವುದೋ ತೀರ್ಮಾನವಾಗಿರುತ್ತಿತ್ತು. ಆ ಚೀಟಿಗೆ ಅಕ್ಕಪಕ್ಕದ ಆಸರೆ ಇರಲಿಲ್ಲ. ಹೇಳಬೇಕಾದ್ದನ್ನೆಲ್ಲ ತಾನೇ ಹೇಳಬೇಕಿತ್ತು.

ಪತ್ರಿಕೆಯ ತಲೆಬರಹಕ್ಕೆ ಆಸರೆ ಧಾರಾಳ. 1843ರಲ್ಲಿ ಜರ್ಮನ್ ಪಾದ್ರಿ ಹರ್ಮನ್ ಮೊಗ್ಲಿಂಗ್ ಕಲ್ಲಚ್ಚಿನಲ್ಲಿ ತಂದ ‘ಮಂಗಳೂರ ಸಮಾಚಾರ’ದಿಂದ ಶುರುವಾದ ಕನ್ನಡ ಪತ್ರಿಕೋದ್ಯಮ ಬೆಳೆಯುತ್ತ ಬೆಳೆಯುತ್ತ ಪ್ರಾಸ, ಶ್ಲೇಷೆಗಳ ತಲೆಬರಹವನ್ನು ಒಂದು ಕಲೆಯಾಗಿಸಿತು. ‘ಮತ್ತೆ ಮುನಿದ ಕಡಲು’ ಎಂದರೆ ಸಾಕು. ಪಕ್ಕದ ಫೋಟೊ, ‘ಕಾರವಾರ’ ಎಂಬ ಊರಿನ ಹೆಸರು, ಮೇಲಿನ ತಾರೀಕು ಉಳಿದದ್ದನ್ನು ಹೇಳುತ್ತವೆ. ಅದೇ ಸಾಲು ಗೂಗಲ್ ಪಟ್ಟಿಯಲ್ಲೋ ವಾಟ್ಸಾಪ್‌ನಲ್ಲೋ ಒಂಟಿಯಾಗಿ ಬಂದಾಗ ಯಾವ ಕಡಲು, ಯಾವ ವರ್ಷ?

ಆ ಅಭ್ಯಾಸ ವೆಬ್‌ಗೆ ಬಂದ ಮೇಲೂ ತಿದ್ದಿಕೊಳ್ಳದಿರಲು ಫಾಂಟ್‌ಗಳ ತೊಡಕೂ ಒಂದು ಕಾರಣ ಎಂದು ನಾನು ನಂಬಿದ್ದೇನೆ. 1998ರಲ್ಲಿ ಬರಹ ತಂತ್ರಾಂಶ ಬಂತು, ಆಮೇಲೆ ನುಡಿ. ಕನ್ನಡ ಟೈಪಿಸುವುದು ಸಲೀಸಾಯಿತು. ಆದರೆ ಆ ಕಾಲದ ಫಾಂಟ್ ನೋಡುವವರ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ತೆರೆಯ ಮೇಲೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತಿತ್ತು. ಹಾಗಾಗಿ ತಲೆಬರಹವನ್ನು ಚಿತ್ರ ಮಾಡಿ ಅಂಟಿಸುವವರಿದ್ದರು. ಚಿತ್ರದೊಳಗಿನ ಅಕ್ಷರ ಹುಡುಕುಯಂತ್ರಕ್ಕೆ ಸಿಗುತ್ತಿರಲಿಲ್ಲ. ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ ಯುನಿಕೋಡ್‌ನಲ್ಲಿ 1991ರಿಂದಲೇ ಕನ್ನಡವಿದ್ದರೂ ಅದು ಮನೆಮನೆಗೆ ಮುಟ್ಟಲು ಬಹಳ ವರ್ಷ ಹಿಡಿಯಿತು. ಹುಡುಕಿದರೆ ಸಿಗದ ಸಾಲು ಚಂದ ಕಂಡರೆ ಸಾಕಾಗುತ್ತಿತ್ತು.

ಆಮೇಲೆ ಇನ್ನೊಂದು ಅತಿರೇಕ. 2012ರಲ್ಲಿ ಅಮೆರಿಕದಲ್ಲಿ ಶುರುವಾದ ಅಪ್‌ವರ್ದಿ ಎಂಬ ವೆಬ್‌ಸೈಟು, ಒಂದೊಂದು ಸುದ್ದಿಗೂ 25 ತಲೆಬರಹ ಬರೆದು ಒಂದನ್ನು ಆರಿಸುವ ಪದ್ಧತಿ ಇಟ್ಟುಕೊಂಡಿತ್ತು. ಆ ಶ್ರಮವನ್ನು ಬಿಟ್ಟು, ಕುತೂಹಲ ಕೆರಳಿಸಿ ವಿಷಯ ಮುಚ್ಚಿಡುವ ಚಾಳಿಯನ್ನಷ್ಟೇ ಜಗತ್ತು ಕಲಿಯಿತು. ‘ಮುಂದೇನಾಯ್ತು ಕೇಳಿದ್ರೆ ಬೆಚ್ಚಿಬೀಳ್ತೀರಾ’ ಎಂಬುದು ಅದರ ಕನ್ನಡ ಅವತಾರ. 2014ರಲ್ಲಿ ಫೇಸ್‌ಬುಕ್ ಇಂಥವನ್ನು ಹಿಂದಕ್ಕೆ ತಳ್ಳುವುದಾಗಿ ಹೇಳಿತು, ಚಾಳಿ ಹೋಗಲಿಲ್ಲ.

ಓದುಗರು ಮಾತ್ರ ಮೊದಲಿನಿಂದಲೂ ಅವಸರದವರೇ. ವೆಬ್ ಬಳಕೆಯ ಸಂಶೋಧಕ ಜೇಕಬ್ ನೀಲ್ಸನ್ 1997ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಹೊಸ ಪುಟಕ್ಕೆ ಬಂದವರಲ್ಲಿ ಶೇ 79 ಮಂದಿ ಕಣ್ಣಾಡಿಸಿದರು, ಪದಪದ ಓದಿದವರು ಶೇ 16. ತಲೆಬರಹದ ಉದ್ದಕ್ಕೆ ಇಂಗ್ಲಿಷಿನವರು ಹೇಳುವ 60 ಅಕ್ಷರಗಳ ಅಳತೆ ನಮಗೆ ಹೊಂದುವುದಿಲ್ಲ. ‘ಸ್ತ್ರೀ’ ನಮಗೆ ಒಂದಕ್ಷರ, ಯುನಿಕೋಡ್ ಎಣಿಕೆಯಲ್ಲಿ ಆರು. ಗೂಗಲ್ ಉದ್ದದ ಸಾಲನ್ನು ಕತ್ತರಿಸುವುದೂ ತೆರೆಯ ಅಗಲ ನೋಡಿ. ಆದ್ದರಿಂದ ಊರು, ವಸ್ತು ಮೊದಲು ಬರಬೇಕು. ಬಾಲ ತುಂಡಾದರೂ ನಷ್ಟವಿಲ್ಲ.

ಕಳೆದ ಬೇಸಿಗೆಯಲ್ಲಿ ಸಿದ್ದಾಪುರ ಕಡೆಯ ಅಕ್ಕ ಒಬ್ಬರು ಮುರುಗಲು ಸಿಪ್ಪೆ ಮಾರುವ ಪುಟಕ್ಕೆ ‘ಅಮೃತಸಮಾನ ಆರೋಗ್ಯ ಸಿರಿ’ ಎಂದು ಬರೆಸಿದ್ದರು. “ಫೋನ್ ಮಾಡಿದವರು ಎಂತ ಕೇಳ್ತಾರೆ ಅಕ್ಕಾ?” ಅಂದೆ. “ಮಂಗ್ಳೂರಿನವರು ಇದು ಪುನರ್ಪುಳಿಯಾ ಅಂತಾರೆ, ಬೆಂಗ್ಳೂರಿನವರು ಕೋಕಂ ಹೌದಾ ಅಂತಾರೆ. ಸಕ್ಕರೆ ಹಾಕಿದ್ದಾ ಅಂತ ಎಲ್ಲರೂ ಕೇಳ್ತಾರೆ.” ಅವರು ಹೇಳಿದ್ದನ್ನೇ ಬರೆದುಕೊಂಡೆ. ಈಗ ಆ ಪುಟದ ನೆತ್ತಿಯ ಮೇಲೆ ಹೀಗಿದೆ: ‘ಸಿದ್ದಾಪುರದ ಮುರುಗಲು ಸಿಪ್ಪೆ, ಪುನರ್ಪುಳಿ ಅಥವಾ ಕೋಕಂ: ಸಕ್ಕರೆ ಹಾಕದ್ದು, ಬಿಸಿಲಲ್ಲಿ ಒಣಗಿಸಿದ್ದು, ಅರ್ಧ ಕಿಲೋ’.