ಬ್ರೇಕ್ ಫ್ಲೂಯಿಡ್‌ಗೆ ನೀರು ಸೇರಿದಾಗ

ಬಾನೆಟ್ ಎತ್ತಿ ನೋಡುತ್ತೇವೆ. ಬ್ರೇಕ್ ಫ್ಲೂಯಿಡ್, ಅಂದರೆ ಪೆಡಲ್ ಒತ್ತಿದ ಬಲವನ್ನು ಚಕ್ರಕ್ಕೆ ಸಾಗಿಸುವ ದ್ರವ, ಡಬ್ಬಿಯ ಮೇಲಿನ ಗೆರೆವರೆಗೂ ಇದೆ. ಸರಿಯಾಗಿದೆ ಅಂತ ಮುಚ್ಚಿಬಿಡುತ್ತೇವೆ, ಅಲ್ವಾ? ಆದರೆ ಅದರೊಳಗೆ ನೀರು ಎಷ್ಟು ಸೇರಿದೆ ಎಂದು ಆ ಗೆರೆ ಹೇಳುವುದಿಲ್ಲ.

ಹೆಚ್ಚಿನ ವಾಹನಗಳಲ್ಲಿರುವ ಡಾಟ್ 3, ಡಾಟ್ 4 ದರ್ಜೆಯ ಫ್ಲೂಯಿಡ್‌ಗಳು ತೇವವನ್ನು ಹೀರಿಕೊಳ್ಳುತ್ತವೆ. ಮುಚ್ಚಳ ಬಿಗಿಯಾಗಿದ್ದರೂ ರಬ್ಬರ್ ಹೋಸ್‌ಗಳ ಮೂಲಕ ತೇವ ನಿಧಾನವಾಗಿ ಒಳಗೆ ಬರುತ್ತದೆ. ಹೊಸ ಡಾಟ್ 4 ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು ಎಂಬುದು ನಿಯಮ. ಸುಮಾರು 3.7% ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3ರಲ್ಲಿ 205 ಇದ್ದದ್ದು 140ಕ್ಕೆ.

ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಲೇ ಇದ್ದರೆ ಚಕ್ರದ ಬಳಿ ಬ್ರೇಕ್ ಹಿಡಿಯುವ ಕ್ಯಾಲಿಪರ್ ಕಾದು, ಹಳೇ ಫ್ಲೂಯಿಡ್ ಕುದಿಯಬಹುದು. ದ್ರವ ಒತ್ತಿದರೆ ಕುಗ್ಗುವುದಿಲ್ಲ, ಅದಕ್ಕೇ ಕಾಲಿನ ಬಲ ಚಕ್ರದವರೆಗೆ ತಲುಪುತ್ತದೆ. ಆವಿ ಹಾಗಲ್ಲ. ಬಲವೆಲ್ಲ ಗುಳ್ಳೆಗಳನ್ನು ಅದುಮುವುದರಲ್ಲೇ ಮುಗಿದು, ಪೆಡಲ್ ಸುಮ್ನೆ ಕೆಳಗೆ ಹೋಗುತ್ತದೆ. ತಣ್ಣಗಾದ ಮೇಲೆ ಪೆಡಲ್ ಮತ್ತೆ ಗಟ್ಟಿಯಾಗುತ್ತದೆ, ಏನೂ ಆಗೇ ಇಲ್ಲವೇನೋ ಅನ್ನಿಸುತ್ತದೆ. ನನಗೆ ಜಾಸ್ತಿ ಭಯ ಆಗುವುದು ಇದಕ್ಕೇ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಎಂದು ಹಲವು ತಯಾರಕರು ಹೇಳುವುದೂ ಈ ಕಾರಣಕ್ಕೆ.

ಮನೆಯಲ್ಲೇ ಬದಲಾಯಿಸಬಹುದು, ಜೊತೆಗೊಬ್ಬರು ಬೇಕು. ಗಾಡಿಯನ್ನು ಬರೀ ಜ್ಯಾಕ್ ಮೇಲೆ ಬಿಡದೆ ಸ್ಟ್ಯಾಂಡ್ ಕೊಡಿ. ಡಬ್ಬಿಯಲ್ಲಿರುವ ಹಳೇ ಫ್ಲೂಯಿಡ್ ಹೀರಿ ತೆಗೆದು, ಸೀಲ್ ಒಡೆಯದ ಹೊಸ ಬಾಟಲಿಯಿಂದ ತುಂಬಿಸಿ. ಚಕ್ರದ ಬಳಿಯ ಬ್ಲೀಡ್ ನಿಪ್ಪಲ್‌ಗೆ (ಫ್ಲೂಯಿಡ್ ಹೊರಬಿಡುವ ಪುಟ್ಟ ತಿರುಪು) ಪಾರದರ್ಶಕ ಪೈಪ್ ಸಿಕ್ಕಿಸಿ, ಇನ್ನೊಂದು ತುದಿ ಸ್ವಲ್ಪ ಫ್ಲೂಯಿಡ್ ಇರುವ ಬಾಟಲಿಯಲ್ಲಿ ಮುಳುಗಿರಲಿ. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು. ಇನ್ನೊಬ್ಬರು ನಿಪ್ಪಲ್ ಸಡಿಲಿಸಿ, ಫ್ಲೂಯಿಡ್ ಹೊರಬಂದ ಮೇಲೆ ಬಿಗಿ ಮಾಡಬೇಕು. ಪೆಡಲ್ ಬಿಡುವುದು ಆಮೇಲೆ. ಈ ಕ್ರಮ ತಪ್ಪಿದರೆ ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಹೊಸ ಫ್ಲೂಯಿಡ್ ಗುಳ್ಳೆಯಿಲ್ಲದೆ ಬರುವವರೆಗೆ ಹೀಗೇ ಮಾಡಿ. ನಡುವೆ ಡಬ್ಬಿ ಖಾಲಿಯಾಗಲೇಬಾರದು! ಯಾವ ಚಕ್ರ ಮೊದಲು ಎಂಬುದನ್ನು ಗಾಡಿಯ ಕೈಪಿಡಿ ನೋಡಿ ತಿಳಿಯಿರಿ. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಸಿಕ್ಕಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಘಟಕಕ್ಕೆ ಗಾಳಿ ಸೇರಿದರೆ ಕೆಲವು ಗಾಡಿಗಳಿಗೆ ಸ್ಕ್ಯಾನ್ ಟೂಲ್, ಅಂದರೆ ಗಾಡಿಯ ಕಂಪ್ಯೂಟರ್‌ಗೆ ಜೋಡಿಸುವ ಉಪಕರಣ ಬೇಕಾಗುತ್ತದೆ, ಅದು ಮೆಕ್ಯಾನಿಕ್‌ಗೇ ಬಿಡುವ ಕೆಲಸ.

ಫ್ಲೂಯಿಡ್ ಗಾಡಿಯ ಪೇಂಟನ್ನು ತಿನ್ನುತ್ತದೆ, ಬಾಡಿ ಮೇಲೆ ಬಿದ್ದರೆ ತಕ್ಷಣ ನೀರಿನಿಂದ ತೊಳೆಯಿರಿ. ಎಲ್ಲ ಮುಗಿದ ಮೇಲೆ ಪೆಡಲ್ ಗಟ್ಟಿಯಾಗಿ ನಿಲ್ಲುತ್ತದಾ ನೋಡಿ. ಮೆತ್ತಗಿದ್ದರೆ ಗಾಡಿ ಹೊರಗೆ ತೆಗೆಯಬೇಡಿ.