ಐನ್‌ಮನೆಯ ಹಾಡು ಬರೆದಿಟ್ಟೆವು, ಅಳತೆ?

ಕೊಡಗಿನ ಹಳೆಯ ಐನ್‌ಮನೆಗೆ, ಅಂದರೆ ಒಂದು ಒಕ್ಕದ (ಮನೆತನದ) ಮೂಲಮನೆಗೆ, ಹೋಗುವ ದಾರಿ ನೆಟ್ಟಗಿರುವುದಿಲ್ಲ. ಎರಡೂ ಕಡೆ ಎತ್ತರದ ಮಣ್ಣಿನ ದಿಬ್ಬ, ನಡುವೆ ಸುತ್ತಿ ಬಳಸಿ ಸಾಗುವ ಓಣಿ. ದಾಟಿದರೆ ಅಂಗಳ, ಕಾರಣವನ (ಮೂಲಪುರುಷನ) ಗುಡಿಯಾದ ಕೈಮಡ, ಮೆಟ್ಟಿಲು, ಮೇಲೆ ಕೈಯಾಲೆ ಎಂಬ ಜಗಲಿ. ಅಲ್ಲಿ ಕಂಬಗಳ ನಡುವೆ ಕೂರಲು ಹಾಸಿದ ಅಗಲವಾದ ಹಲಗೆಯೇ ಐಮರ. ಒಳಗೆ ನೆಲ್ಲಕ್ಕಿ ನಡುಬಾಡೆ ಎಂಬ ನಡುಮನೆ, ಅಲ್ಲಿ ಒಕ್ಕದ ದೀಪ. ನೈಋತ್ಯ ಮೂಲೆಯಲ್ಲಿ ಕನ್ನಿಕೋಂಬರೆ ಎಂಬ ಪೂಜೆಯ ಕೋಣೆ.

ಇಷ್ಟನ್ನು ಮನೆಯ ಹಿರಿಯರು ಯಾರಾದರೂ ಹೇಳುತ್ತಾರೆ. ಆದರೆ ಐಮರದ ದಪ್ಪ ಎಷ್ಟು, ಅದು ಕಂಬಕ್ಕೆ ಹೇಗೆ ಕೂತಿದೆ, ಯಾವ ಮರ? ಇದು ಕಾಗದಕ್ಕೆ ಇಳಿದದ್ದು ಕಡಿಮೆ.

ಬರೆದವರು ಇರಲಿಲ್ಲ ಎಂದಲ್ಲ. 1870ರಲ್ಲಿ ಪಾದ್ರಿ ಜಿ. ರಿಕ್ಟರ್ ಕೊಡಗಿನ ಕೈಪಿಡಿ ಬರೆದರು. 1924ರಲ್ಲಿ ನಡಿಕೇರಿಯಂಡ ಚಿಣ್ಣಪ್ಪ ಹಾಡು, ಪದ್ಧತಿಗಳನ್ನು 'ಪಟ್ಟೋಲೆ ಪಳಮೆ'ಯಲ್ಲಿ ಸೇರಿಸಿದರು. 1952ರಲ್ಲಿ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರ ಅಧ್ಯಯನ ಒಕ್ಕವನ್ನು ಲೋಕಕ್ಕೆ ಪರಿಚಯಿಸಿತು. ಇವರ ಗಮನ ಹೆಚ್ಚಾಗಿ ಇದ್ದದ್ದು ಜನರ ಮೇಲೆ, ಆಚರಣೆಗಳ ಮೇಲೆ. ಐನ್‌ಮನೆಗಳನ್ನೇ ಹುಡುಕಿಕೊಂಡು ಊರೂರು ಸುತ್ತಿದವರು ಈ ಶತಮಾನದಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರ ಮೊಮ್ಮಕ್ಕಳಾದ ಬೊವ್ವೇರಿಯಂಡ ನಂಜಮ್ಮ, ಚಿಣ್ಣಪ್ಪ ದಂಪತಿ. ಅವರು ಹಾಕಿಕೊಟ್ಟ ಬುನಾದಿ ದೊಡ್ಡದು. ಅದರ ಮೇಲೆ ಈಗ ಪ್ರತಿ ಮನೆಯ ಅಳತೆಯ ನಕ್ಷೆ ಬರಬೇಕು.

ಅವಸರ ಯಾಕೆ? ಮನೆ ಕುಸಿಯುವ ಮೊದಲೇ ವಿವರ ಹೋಗುತ್ತದೆ. 1834ರಲ್ಲಿ ಕೊಡಗು ಬ್ರಿಟಿಷರ ಕೈಸೇರಿದ ಮೇಲೆ ಕಾಫಿ ತೋಟಗಳು ಹಬ್ಬಿದವು. ಮಕ್ಕಳು ತೋಟದಲ್ಲೇ ಬೇರೆ ಮನೆ ಕಟ್ಟಿದರು. ಐನ್‌ಮನೆ ಎಲ್ಲರದೂ ಆಯಿತು. ರಿಪೇರಿ ಯಾರದೂ ಅಲ್ಲ ಅನ್ನುವಂತಾಯಿತು. ಹುಲ್ಲಿನ ಮಾಡು ಹೋಗಿ ಮಂಗಳೂರು ಹೆಂಚು ಬಂತು. ಆಮೇಲೆ ಮಣ್ಣಿನ ಗೋಡೆಗೆ ಸಿಮೆಂಟು, ಗೆದ್ದಲು ತಿಂದ ಕಂಬದ ಜಾಗಕ್ಕೆ ಕಾಂಕ್ರೀಟು. ಒಳ್ಳೆಯ ಮನಸ್ಸಿನಿಂದ ಮಾಡಿದ ರಿಪೇರಿಯೇ ಜಾಸ್ತಿ ಅಳಿಸಿದೆ ಎಂದು ನನಗನಿಸುತ್ತದೆ. 2018ರ ಆಗಸ್ಟಿನಲ್ಲಿ ಗುಡ್ಡಗಳೇ ಜರಿದದ್ದನ್ನು ನೋಡಿದ ಮೇಲಂತೂ, ಮುಂದಿನ ವರ್ಷ ಮಾಡೋಣ ಎಂದು ಕೂರಲು ಧೈರ್ಯ ಬರುವುದಿಲ್ಲ.

ದಾಖಲಾತಿಗೆ ಸುಮ್ನೆ ಫೋಟೋ ಸಾಲದು. ಹಳೆ ಮನೆಯ ಮೂಲೆಗಳು ನೇರ ಇರುತ್ತವೆ ಎಂದು ನಂಬಬಾರದು. ಕೋಣೆಯ ನಾಲ್ಕು ಬದಿಯ ಜೊತೆ ಮೂಲೆಯಿಂದ ಮೂಲೆಗೂ ಟೇಪು ಹಿಡಿಯಬೇಕು. ಆಗಲೇ ನಕ್ಷೆ ಸರಿಯಾಗಿ ಕೂರುವುದು. ಗೋಡೆ ವಾಲಿದ್ದರೆ ತೂಕದ ಗುಂಡು ಇಳಿಬಿಟ್ಟು ಎಷ್ಟು ಎಂದು ಬರೆಯಬೇಕು. ಕೆತ್ತನೆಯ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲಿನಿಂದ ಮೆಲ್ಲಗೆ ಉಜ್ಜಿದರೆ ಅದರ ನಿಜ ಗಾತ್ರವೇ ಸಿಗುತ್ತದೆ. ಫೋಟೋದಲ್ಲಿ ಪಕ್ಕಕ್ಕೆ ಅಳತೆಪಟ್ಟಿ ಇರಲಿ. ಹಳೆಯ ಭಾಗ ಯಾವುದು, ಆಮೇಲೆ ಸೇರಿದ್ದು ಯಾವುದು ಎಂದು ಬೇರೆ ಬೇರೆ ಬಣ್ಣದಲ್ಲಿ ಗುರುತಿಸಬೇಕು.

ಕನ್ನಿಕೋಂಬರೆ ಪವಿತ್ರ ಜಾಗ, ಅಲ್ವಾ? ಒಕ್ಕದ ಯಜಮಾನರಾದ ಪಟ್ಟೆದಾರರನ್ನು ಕೇಳದೆ ಒಳಗೆ ಕಾಲಿಡಬಾರದು. ಬೇಡ ಎಂದರೆ ನಕ್ಷೆಯಲ್ಲಿ ಆ ಕೋಣೆ ಖಾಲಿ ಇರಲಿ.

ಕೆಲಸಕ್ಕೆ ಸುಗ್ಗಿ ಹಬ್ಬವಾದ ಪುತ್ತರಿಯ ಆಸುಪಾಸಿನ ದಿನಗಳೇ ವಾಸಿ. ಮಳೆ ನಿಂತಿರುತ್ತದೆ, ದೂರದೂರಿನಲ್ಲಿರುವ ಒಕ್ಕದವರೂ ಐನ್‌ಮನೆಗೆ ಬಂದಿರುತ್ತಾರೆ. ನಕ್ಷೆಯನ್ನು ಐಮರದ ಮೇಲೆ ಹರಡಿದರೆ, ಎಲ್ಲಿ ಕಿಟಕಿ ಮುಚ್ಚಿದರು, ಯಾವ ಗೋಡೆ ಆಮೇಲೆ ಕಟ್ಟಿದರು ಎಂದು ಅಜ್ಜ ಅಜ್ಜಿಯರೇ ಬೆರಳಿಟ್ಟು ತೋರಿಸುತ್ತಾರೆ.