ಪ್ರಶ್ನೆ ಗುರುತು ಬಿದ್ದ ಮಂಗನ ಕಾಯಿಲೆಗೆ ಯಾವ ಕೋಡ್?

ಮಂಗನ ಕಾಯಿಲೆಗೆ ಐಸಿಡಿ-10ರಲ್ಲಿ, ಅಂದರೆ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಕೋಡ್ ಪಟ್ಟಿಯ ಹತ್ತನೇ ಆವೃತ್ತಿಯಲ್ಲಿ, ಅದರದೇ ಕೋಡ್ ಇದೆ: ಎ98.2. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ರೋಗ ಆ ಕಾಡಿನ ಹೆಸರಲ್ಲೇ, ಕ್ಯಾಸನೂರು ಫಾರೆಸ್ಟ್ ಡಿಸೀಸ್ (ಕೆಎಫ್‌ಡಿ) ಎಂದು ಪಟ್ಟಿ ಸೇರಿದೆ. ಹಿಂದಿನ ಆವೃತ್ತಿ ಐಸಿಡಿ-9ರ ಕಾಲದ ಕಡತ ಹುಡುಕುವವರು 065.2 ನೋಡಬೇಕು. ಉಣುಗಿನಿಂದ ಬರುವ ರೋಗವಲ್ಲವೇ ಎಂದು ಕೆಲವರು ಎ84ಕ್ಕೆ ಕೈ ಹಾಕುತ್ತಾರೆ. ಅದು ಉಣುಗಿನಿಂದ ಬರುವ ಮಿದುಳು ಉರಿಯೂತಗಳ ಗುಂಪು. ಮಂಗನ ಕಾಯಿಲೆ ಇರುವುದು ರಕ್ತಸ್ರಾವದ ಜ್ವರಗಳ ಸಾಲಿನಲ್ಲಿ. ರೋಗಿಗೆ ಒಂದು ಹನಿ ರಕ್ತ ಬಾರದಿದ್ದರೂ ಕೋಡ್ ಅದೇ.

ಕೋಡ್ ಗೊತ್ತಿಲ್ಲದೆ ಆಗುವ ತಪ್ಪು ಕಡಿಮೆ, ಕೇಸ್ ಶೀಟ್ ಬರೆಯುವ ರೀತಿಯಿಂದ ಆಗುವುದೇ ಹೆಚ್ಚು. ಬೇಸಿಗೆಯಲ್ಲಿ ಸಾಗರ, ತೀರ್ಥಹಳ್ಳಿ ಕಡೆ ದರಗು (ಉದುರಿದ ಒಣ ಎಲೆ) ಗುಡಿಸಿ ತರಲು ಕಾಡಿಗೆ ಹೋದವರಿಗೆ ಜ್ವರ ಬಂದರೆ '?ಕೆಎಫ್‌ಡಿ' ಎಂದು ಬರೆದಿಡುತ್ತಾರೆ. ವರದಿ ಬರುವುದರೊಳಗೆ ರೋಗಿ ಮನೆಗೆ ಹೋಗಿರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ನಿಯಮದಂತೆ, 'ಅನುಮಾನ' ಎಂದಷ್ಟೇ ಇದ್ದು ಬೇರೆ ಮಾಹಿತಿ ಸಿಗದಿದ್ದರೆ ಖಚಿತ ರೋಗದಂತೆಯೇ ಕೋಡ್ ಹಾಕಬೇಕು. ಅಂದರೆ ಆ ಪ್ರಶ್ನೆ ಗುರುತು ನೇರ ಎ98.2 ಆಗಿ ಲೆಕ್ಕಕ್ಕೆ ಸೇರುತ್ತದೆ. ಹಾಗಾಗಿ ವರದಿ ಬರುವವರೆಗೆ ಫೈಲ್ ಮುಚ್ಚಬೇಡಿ. ಸ್ಕ್ರಬ್ ಟೈಫಸ್ ಎಂದು ಬಂದರೆ ಎ75.3, ಇಲಿಜ್ವರವಾದರೆ ಎ27, ಯಾವುದೂ ಸಿಗದಿದ್ದರೆ ಆರ್50.9.

ನೆಗೆಟಿವ್ ವರದಿಯನ್ನೂ ದಿನಾಂಕ ನೋಡದೆ ನಂಬುವಂತಿಲ್ಲ. ಜ್ವರದ ಮೊದಲ ದಿನಗಳ ರಕ್ತಕ್ಕೆ ವೈರಸ್ಸನ್ನೇ ಹುಡುಕುವ ಆರ್‌ಟಿ-ಪಿಸಿಆರ್ ಬೇಕು, ಆಮೇಲಿನದಕ್ಕೆ ದೇಹ ತಯಾರಿಸುವ ಪ್ರತಿಕಾಯ ಹುಡುಕುವ ಐಜಿಎಂ ಎಲೈಸಾ. ಮೂರನೇ ದಿನದ ಐಜಿಎಂ ನೆಗೆಟಿವ್ ಬಂದರೆ ಅದರಿಂದ ಏನೂ ತೀರ್ಮಾನವಾಗದು. ಜ್ವರ ಶುರುವಾದ ದಿನ, ರಕ್ತ ತೆಗೆದ ದಿನ ಎರಡನ್ನೂ ಬರೆಯಿರಿ.

ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರಕ್ಕೆ ಮತ್ತೆ ಮರುಕಳಿಸುತ್ತದೆ. ವಿಪರೀತ ತಲೆನೋವು, ನಡುಕ, ಬುದ್ಧಿಭ್ರಮೆ. ಹೊಸ ಅಡ್ಮಿಷನ್ ಎಂದು ಹಳೆಯ ಫೈಲ್ ತೆಗೆಯದೆ ಎ86, ಅಂದರೆ 'ಕಾರಣ ತಿಳಿಯದ ವೈರಲ್ ಮಿದುಳು ಉರಿಯೂತ' ಎಂದು ಹಾಕುವುದುಂಟು. ಅದು ತಪ್ಪು. ಎ98.2 ಮೊದಲು, ಜೊತೆಗೆ ಮಿದುಳು ಉರಿಯೂತಕ್ಕೆ ಜಿ05.1. ಈ ಜಿ05.1 ಪಟ್ಟಿಯಲ್ಲಿ ನಕ್ಷತ್ರ ಗುರುತು (*) ಇರುವ ಕೋಡ್, ಮೂಲ ರೋಗದ ಕೋಡ್ ಇಲ್ಲದೆ ಒಂಟಿಯಾಗಿ ನಿಲ್ಲುವಂಥದ್ದಲ್ಲ.

ರೋಗಿ ತೀರಿಕೊಂಡರೆ ಸಾವಿನ ಕಾರಣದ ವೈದ್ಯಕೀಯ ಪ್ರಮಾಣಪತ್ರ ಬರೆಯಬೇಕು: ಆಸ್ಪತ್ರೆಯಲ್ಲಾದ ಸಾವಿಗೆ ಫಾರ್ಮ್ 4, ಹೊರಗಾದದ್ದಕ್ಕೆ 4ಎ. ಅದರ ಒಂದನೇ ಭಾಗದ ಮೇಲಿನ ಸಾಲಿನಲ್ಲಿ ತಕ್ಷಣದ ಕಾರಣ, ತುಂಬಿದ ಕೊನೆಯ ಸಾಲಿನಲ್ಲಿ ಮೂಲ ಕಾರಣವಾದ ಮಂಗನ ಕಾಯಿಲೆ. ಬರೀ 'ಹೃದಯ ಸ್ತಂಭನ' ಎಂದು ಬರೆದು ಸಹಿ ಹಾಕಿದರೆ ಆ ಸಾವು ಎ98.2ರ ಲೆಕ್ಕಕ್ಕೇ ಬರುವುದಿಲ್ಲ.